ಅರ್ಜಿಯ ಕೊನೆಯ ರಾತ್ರಿ

ಹನ್ನೆರಡಕ್ಕೆ ಬಾಗಿಲು ಹಾಕುತ್ತದೆ ವಿಶ್ವವಿದ್ಯಾಲಯ.
ಈಗ ಹತ್ತೂ ಕಾಲು.
ಪರದೆಯ ಮೇಲೆ ಎರಡು ಖಾಲಿ ಚೌಕ:
ಪೂರ್ಣಾವಧಿ, ಒಂದು ವರ್ಷ.
ಅರೆಕಾಲಿಕ, ಮೂರು.
ಹೆಸರು ತುಂಬಿದ್ದೇನೆ: ಎಲುನೆಡ್ ಪ್ರೋಸರ್, ನಲವತ್ತೊಂದು, ಸ್ವಾನ್ಸಿ.
ಅಷ್ಟಕ್ಕೇ ಚಹಾ ಆರಿದೆ.

ನನ್ನ ಕಚೇರಿ ಮೀನು ಕರಿಯುವ ಅಂಗಡಿಯ ಮೇಲೆ.
ಫೈಲುಗಳಿಗೆಲ್ಲ ವಿನೆಗರ್ ವಾಸನೆ.
ಹದಿನಾಲ್ಕು ವರ್ಷ ಬಾಡಿಗೆದಾರರು ತಂದ ಫೋಟೋ ನೋಡಿದ್ದೇನೆ,
ಕರಿ ಬೂಷ್ಟು, ಹಸಿರು ಬೂಷ್ಟು, ತೊಟ್ಟಿಲ ಹಿಂದಿನ ಬೂಷ್ಟು.
ಸೋರುವ ಮನೆಯ ಕಾನೂನು ನನಗೆ ಬಾಯಿಪಾಠ
ಎಂದುಕೊಂಡಿದ್ದೆ

ಫೆಬ್ರವರಿಯವರೆಗೆ.
ಅವತ್ತು ಮಾಲೀಕನ ಕಡೆಯ ಹುಡುಗ,
ಟೈ ಇನ್ನೂ ಅಮ್ಮನೇ ಕಟ್ಟಿದ ಹಾಗಿತ್ತು,
ಎದ್ದು ನಿಂತು ಒಂದೇ ಒಂದು ತೀರ್ಪು ಹೆಸರಿಸಿದ.
ನಾನು ಕೇಳಿರಲಿಲ್ಲ.
ನ್ಯಾಯಾಧೀಶೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕಾದರು.
ಬೆರಿಲ್ ಪ್ರಿಚರ್ಡ್ ನನ್ನ ತೋಳು ಹಿಡಿದಿದ್ದಳು.
ಹದಿನಾಲ್ಕು ದಿನದಲ್ಲಿ ಮನೆ ಬಿಟ್ಟಳು,
ಗಾಜಿನ ತೊಟ್ಟಿಯೊಂದು ಸಾಗಿಸಲಾಗಲಿಲ್ಲ;
ಅದರ ಮೂರು ಮೀನು ಈಗ ನನ್ನ ಅಡುಗೆಮನೆಯಲ್ಲಿ
ಬಾಯಿ ತೆರೆದು, ಮುಚ್ಚಿ,
ಏನೋ ವಾದ ಮಂಡಿಸುತ್ತಿವೆ.

ಪೂರ್ಣಾವಧಿ ಎಂದರೆ
ಕೆಲಸಕ್ಕೆ ರಾಜೀನಾಮೆ, ಬ್ಯಾಂಕಿಗೆ ಸಲಾಮು,
ಚಾವಣಿಗೆಂದು ಕೂಡಿಟ್ಟ ದುಡ್ಡಿಗೆ ಕೈ.
ಆದರೆ ಹಗಲಿಡೀ ಗ್ರಂಥಾಲಯ!
ಕಿಟಕಿ ಪಕ್ಕದ ಮೇಜು, ಆಚೆ ಕೊಲ್ಲಿಯ ನೀರು,
ಯಾರೂ ಬಾಗಿಲು ತಟ್ಟದ ಮಧ್ಯಾಹ್ನ,
ಇಪ್ಪತ್ತೆರಡರಲ್ಲಿ ನನಗೆ ಸಿಗದೇ ಹೋದ ಮಧ್ಯಾಹ್ನ.
ಆಸೆಗೆಲ್ಲಿಯ ನಾಚಿಕೆ,
ಆ ಮೇಜಿಗೊಂದು ಹಸಿರು ದೀಪವನ್ನೂ
ಮನಸ್ಸು ಆಗಲೇ ಕೊಂಡಿಟ್ಟಿದೆ.

ಅರೆಕಾಲಿಕ ಎಂದರೆ
ಗುರುವಾರ ಸಂಜೆ, ಶನಿವಾರ ಇಡೀ,
ಮಿಕ್ಕಿದ್ದು ಮನೆಯಿಂದ, ಅನುಕೂಲ ನೋಡಿಕೊಂಡು.
ಅನುಕೂಲವಂತೆ!
ರಬ್ಬರಿನ ಹಾಗೆ ಎಳೆದಷ್ಟೂ ಬರುತ್ತದಂತೆ ಹೊತ್ತು.
ಎಳೆಯುವ ಕೈ ಯಾರದೆಂದು ಕೈಪಿಡಿಯಲ್ಲಿಲ್ಲ.
ಗುರುವಾರ ನಾನು ನೋಡಿಕೊಳ್ಳುತ್ತೇನೆ ಎಂದಿದ್ದಾನೆ ಗೆಥಿನ್,
ಅವನ ಮಂಡಿ ಕುಯ್ಯುವುದೂ ಗುರುವಾರವೇ.
ಮೂರು ಚಳಿಗಾಲ. ಮಗಳ ಮೂರು ಹುಟ್ಟುಹಬ್ಬ.
ಪುಟ ಪುಟದ ನಡುವೆ ಒಣಗಿದ ಬಟ್ಟೆ ಮಡಿಸುವುದು.
ಆ ಪದವೇ ನನಗಾಗದು. ಅರೆ.
ಅರೆಬೆಂದದ್ದು, ಅರೆಮನಸ್ಸು, ಅರೆಹೊಟ್ಟೆ.

ಹವೆಲ್ ಬಸ್ಸು ನಿಲ್ಲಿಸಿ ಬಂದ.
ಷೂ ಬಿಚ್ಚುತ್ತ ಅಂದ:
"ಎಕ್ಸ್‌ಪ್ರೆಸ್ಸೂ ಡಿಪೋಗೇ ಬರೋದು,
ಎಲ್ಲಾ ಕಡೆ ನಿಲ್ಲೋ ನನ್ನ ಬಸ್ಸೂ ಡಿಪೋಗೇ."
ಹೌದಪ್ಪಾ, ಒಳಗೆ ಕೂತವರು ಬೇರೆ, ಅಂದೆ.
"ಅದೇ ನಾನೂ ಹೇಳಿದ್ದು."
ಮಲಗಲು ಹೋದ.
ಅವನು ಹೇಳಿದ್ದು ಯಾವುದೆಂದು ಇನ್ನೂ ಹುಡುಕುತ್ತಿದ್ದೇನೆ.

ಹನ್ನೊಂದೂವರೆ. ಫೋನು.
ನಂಬರು ಗೊತ್ತಿಲ್ಲ, ದನಿ ಗೊತ್ತು.
ಬೀಗ ಬದಲಿಸಿಬಿಟ್ಟಿದ್ದಾರೆ,
ಮಗುವಿನ ಔಷಧಿ ಒಳಗಿದೆ.
ಔಷಧಿಗೆ ಮೊದಲು ಆಸ್ಪತ್ರೆ, ಅಂದೆ. ನಂಬರು ಕೊಟ್ಟೆ.
ಲಕೋಟೆಯ ಬೆನ್ನಿಗೆ ಬರೆದುಕೊಂಡೆ:
ವಿಳಾಸ, ತಾರೀಖು, ಬೀಗ ಹಾಕುವಾಗ ಕಂಡವರು ಯಾರು.
ಬೆಳಿಗ್ಗೆ ಎಂಟಕ್ಕೆ ಬನ್ನಿ, ನಾನಿರುತ್ತೇನೆ.

ನಾನಿರುತ್ತೇನೆ.
ಯೋಚಿಸಿ ಆಡಿದ ಮಾತಲ್ಲ ಅದು,
ಬರುವ ಅಕ್ಟೋಬರಿನಲ್ಲೂ ಬಾಯಿಗೆ ಬರುವುದು ಅದೇ.

ಅರೆ. ಕಲ್ಲಿನ ಮೇಲೆ ಇಟ್ಟು ಅರೆ ಅಂತಲೂ ಅಲ್ಲವೇ,
ರಟ್ಟೆ ಸೋಲುವ ತನಕ, ನುಣ್ಣಗಾಗುವ ತನಕ.

ಎರಡನೇ ಚೌಕ ಒತ್ತಿದೆ.
ಸಮಾಧಾನವೇನೂ ಇಳಿದು ಬರಲಿಲ್ಲ.
ಕಿಟಕಿ ಪಕ್ಕದ ಆ ಮೇಜಿಗೆ
ಇನ್ಯಾರೋ ಬಂದು ಕೂತರು,
ಹಸಿರು ದೀಪ ಹಚ್ಚಿಕೊಂಡರು.
ಹನ್ನೊಂದು ಐವತ್ತೆರಡು.
ಮೀನಿಗೆ ಇವತ್ತು ಏನೂ ಹಾಕಿರಲಿಲ್ಲ.
ಎದ್ದೆ.