ಹುಕ್ಕಿನ ಲೆಕ್ಕ

ಒಂದು ರವಿಕೆಗೆ ಆರು ಹುಕ್ಕು.
ಒಂದು ಹುಕ್ಕಿಗೆ ಎರಡು ನಿಮಿಷ.
ಕರೆಂಟು ಇದ್ದರೂ ಅಷ್ಟೇ, ಹೋದರೂ ಅಷ್ಟೇ,
ಇದು ಕೈಕೆಲಸ.
ಹಾಗಾಗಿ ನನ್ನ ಗಡಿಯಾರದಲ್ಲಿ
ಹನ್ನೆರಡಲ್ಲ, ಆರೇ ಅಂಕಿ.

ದುರ್ಗಿಗುಡಿಯ ಅಡ್ಡರಸ್ತೆ,
ಔಷಧಿ ಅಂಗಡಿಯ ಮೆಟ್ಟಿಲ ಕೆಳಗೆ ಆರಡಿ ಜಾಗ.
ಬೋರ್ಡಿನಲ್ಲಿದೆ ಸಮಯ: ಹತ್ತರಿಂದ ಎಂಟು.
ಬರೆಸಿದವಳು ನಾನೇ,
ನಂಬದವಳೂ ನಾನೇ.

ಸೋಮವಾರ, ಅಳತೆ ಪುಸ್ತಕದ ಕೊನೇ ಹಾಳೆಗೆ
ನಡುವೆ ಒಂದು ಗೆರೆ ಎಳೆದೆ.
ಎಡಕ್ಕೆ ಹೊಲಿದದ್ದು,
ಬಲಕ್ಕೆ ಹೋದದ್ದು.

ಚಾಕು ಹುಡುಕಿದ್ದು, ಬಟ್ಟೆಗೆ ಗೆರೆ ಎಳೆಯುವ ಚಾಕು: ನಾಲ್ಕು ಹುಕ್ಕು.
ಸೆರಗಿನ ಗಂಟಿನಲ್ಲೇ ಇತ್ತು.

ಯಾವ ರವಿಕೆ ಮೊದಲು ಅಂತ
ರಾಶಿಯನ್ನು ಮೇಜಿಂದ ಕಪಾಟಿಗೆ,
ಕಪಾಟಿಂದ ಮತ್ತೆ ಮೇಜಿಗೆ: ಏಳು.

ಒಂದು ಕತ್ತಿನ ಡಿಸೈನ್ ನೋಡಲು ಮೊಬೈಲು ತೆಗೆದೆ.
ಕತ್ತು ನೋಡಿದೆ, ಕತ್ತಿನ ಸರ ನೋಡಿದೆ,
ಯಾರದೋ ಮದುವೆ, ಅಲ್ಲಿ ಅಳುವ ವರ,
ಹಲಸಿನ ಬೀಜದ ವಡೆ,
ಒಂಟೆಗೆ ಹಲ್ಲುಜ್ಜುವ ಮನುಷ್ಯ.
ಇಪ್ಪತ್ತೆರಡು!
ಕೊನೆಗೆ ಹೊಲಿದದ್ದು ಅದೇ ಹಳೇ ಪಾಟ್ ನೆಕ್ಕು.

"ಒಂದೇ ನಿಮಿಷ ವಿಮಲಾಕ್ಷಿ"
ಅಂತ ಒಳಬಂದ ಪ್ರಭಾವತಕ್ಕ
ನಾದಿನಿಯ ಹೊಸ ಫ್ರಿಜ್ಜಿನ ಬಾಗಿಲು ತೆರೆದರು,
ಮುಚ್ಚಲೇ ಇಲ್ಲ. ಹದಿನೈದು.
ನಾನು "ಹೂಂ" ಅಂದದ್ದಕ್ಕೆ
ಬೇರೆ ಹಾಳೆ ಬೇಕು.

ಶನಿವಾರ ಊಟ ಮಾಡಿ ಕೂಡಿದೆ:
ಮುನ್ನೂರ ಹದಿನೆಂಟು ಹುಕ್ಕು.
ಬೋರ್ಡಿನ ಪ್ರಕಾರ ಒಂದು ಇಡೀ ದಿನ,
ಮೇಲೆ ಕೊಸರು ಮೂವತ್ತಾರು ನಿಮಿಷ.
ಅಂಗಡಿ ತೆರೆದೇ ಇತ್ತು.
ರಜೆಯಲ್ಲಿದ್ದವಳು ನಾನು.

ಹೋಗಲಿ, ನನ್ನದೇ ತಾನೆ ಹೋದದ್ದು,
ಅಂದುಕೊಂಡು ಪುಸ್ತಕ ಮುಚ್ಚುವಾಗ
ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದು.

ಚೌಡಮ್ಮ. ಹೊಸನಗರದ ಆಚೆ, ನಗರಕ್ಕೂ ಆಚೆ.
ಮೂರನೇ ಸಲ.
ಅವಳ ರವಿಕೆ ಮುಗಿದು ಹತ್ತು ದಿನ,
ಹುಕ್ಕು ಮಾತ್ರ ಬಾಕಿ.
ಬಾಯಿಗೆ ಬಂತು: ನಾಳೆ ಬನ್ನಿ.
ನಾಳೆ ಅನ್ನುವುದು ನಮ್ಮ ಕಸುಬಿನ ಅಸ್ತರು,
ಯಾವ ಬಣ್ಣದ ಮಾತಿಗೂ
ಒಳಗೆ ಅದೇ ಬಟ್ಟೆ.

ಅವಳು ರಸೀದಿ ಹುಡುಕಲು ಪರ್ಸು ಕೊಡವಿದಳು.
ಮೇಜಿನ ಮೇಲೆ ಉದುರಿದವು ಟಿಕೆಟು,
ಗುಲಾಬಿ, ಹಸಿರು, ಮಾಸಲು ಬಿಳಿ.
ಎಣಿಸಿದೆ. ಎಣಿಸುವ ಚಟ ಹತ್ತಿತ್ತಲ್ಲ.
ಹೋಗಲು ಎರಡು ಬಸ್ಸು, ಬರಲು ಎರಡು,
ಎರಡು ಸಲಕ್ಕೆ ಎಂಟು,
ಇವತ್ತು ಬಂದದ್ದಕ್ಕೆ ಎರಡು.
"ನಮ್ ಕಡೀಗೆ ಫ್ರೀ ಬಸ್ಸು ಬರಾದಿಲ್ಲ ಕಣೆ,"
ಅಂದಳು, ನಾನೇನೋ ಕೇಳಿದೆ ಅನ್ನೋ ಹಾಗೆ.
"ಆಗ್ದಿದ್ರೆ ಬಿಡು, ಹೊಳೆ ನೋಡ್ಕಂಡು ಹೋಗ್ತೀನಿ."

ಹನ್ನೆರಡು ನಿಮಿಷದ ಕೆಲಸ.
ಅದರ ಬಲಗಡೆಯ ಪಟ್ಟಿ
ನನ್ನ ಪುಸ್ತಕದಲ್ಲಿ ಇರಲೇ ಇಲ್ಲ,
ಅವಳ ಪರ್ಸಿನಲ್ಲಿತ್ತು.

"ಕೂತ್ಕೊಳ್ಳಿ" ಅಂದೆ.
ಮೊಬೈಲನ್ನು ಗುಂಡಿ ಡಬ್ಬಿಗೆ ಹಾಕಿ
ಮುಚ್ಚಳ ಒತ್ತಿದೆ.
ಒಳಗೆ ಅದು ಗುಂಡಿಗಳ ನಡುವೆ
ಜೀರುಂಡೆಯಂತೆ ಗೊಣಗಿತು. ಗೊಣಗಲಿ.
ನಾಲ್ಕೂವರೆ ಬಸ್ಸು ತಪ್ಪಿದರೆ
ಆಚೆಯ ಬಸ್ಸು ಕಾಯುವುದಿಲ್ಲ.
ಒಂದು. ಎರಡು. ಮೂರು.

"ಒಂದೇ ನಿಮಿಷ ವಿಮಲಾಕ್ಷಿ..."
"ಇಲ್ಲ ಅಕ್ಕ. ಇನ್ನೂ ಮೂರು ಹುಕ್ಕಿದೆ."
ಅಷ್ಟು ಹೇಳಲು ಅರ್ಧ ಹುಕ್ಕು ಹಿಡಿಯಿತು,
ಕೈ ಸ್ವಲ್ಪ ನಡುಗಿತು ಕೂಡ.
ಪ್ರಭಾವತಕ್ಕ ಹೋಗಲಿಲ್ಲ, ಬಾಗಿಲಲ್ಲೇ ನಿಂತು
ಚೌಡಮ್ಮನಿಗೆ ಫ್ರಿಜ್ಜಿನ ಕತೆ ಶುರುಮಾಡಿದರು.
ನಾನು ತಲೆ ಎತ್ತಲಿಲ್ಲ.

ಹೊಸ ಹಾಳೆಯಲ್ಲೂ ಬಲಗಡೆ ಖಾಲಿ ಇಲ್ಲ.
ಚಾಕು ಇನ್ನೂ ಕಳೆಯುತ್ತದೆ,
ಒಂಟೆಗೆ ಇನ್ನೂ ಹಲ್ಲುಂಟು.
"ನಾಳೆ" ಇನ್ನೂ ಬಾಯಿಗೆ ಬರುತ್ತದೆ.
ಬಂದಾಗ ಅದನ್ನು ಪಿನ್ನು ಕಚ್ಚಿದ ಹಾಗೆ
ತುಟಿಯ ನಡುವೆ ಕಚ್ಚಿ ಹಿಡಿದು
ಮೊದಲು ಕೇಳುತ್ತೇನೆ:
ಯಾವ ಊರು ನಿಮ್ಮದು?
ಎಷ್ಟು ಬಸ್ಸು?