ಗಾಳಿ ಇಪ್ಪತ್ಮೂರು, ತುಟಿ ತೊಂಬತ್ತು

ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ
ಮಿಕ್ಸಿ ಬರುತ್ತದೆ, ಇಸ್ತ್ರಿಪೆಟ್ಟಿಗೆ ಬರುತ್ತದೆ,
ಮಸೀದಿಯ ಮೈಕು ವರ್ಷಕ್ಕೆರಡು ಸಲ.
ಊದುವ ಮಿಷನ್ನು ಬಂದದ್ದು ಇದೇ ಮೊದಲು.

ಟವೆಲಿನಲ್ಲಿ ಸುತ್ತಿ ತಂದಿದ್ದರು ಇನ್ನಾಸಪ್ಪ:
ಬಿಳಿ ಪ್ಲಾಸ್ಟಿಕ್ಕಿನ ಕೊಳವೆ, ಬೆರಳಗಲದ ಪರದೆ.
ಹಾಸನದ ಮದುವೆಗಳಿಗೆ ಮೂವತ್ತೊಂದು ವರ್ಷ
ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟು ಅವರದು.
ಸಾಲಗಾಮೆ ರಸ್ತೆಯ ಉದ್ದ ಅವರಿಗೆ
ಕಿಲೋಮೀಟರಿನಲ್ಲಲ್ಲ, ಹಾಡಿನಲ್ಲಿ ಗೊತ್ತು.
ಈಗ ಎದೆಯ ಡಾಕ್ಟರು ಕೊಟ್ಟ ಮೂರು ಗುಂಡಿನ ಡಬ್ಬಿಯಲ್ಲಿ
ಉಸಿರೆಳೆದರೆ ಒಂದು ಗುಂಡು ಏಳುತ್ತದೆ,
ಎರಡನೆಯದು ಅಲುಗುತ್ತದೆ,
ಮೂರನೆಯದು, "ದೊರೆಮಗ, ಇನ್ನೂ ಎದ್ದಿಲ್ಲ."

"ಊದಿದ್ರೆ ಅರಚುತ್ತೆ, ಊದದಿದ್ರೆ ಸುಮ್ಮನಿರುತ್ತೆ.
ಮಧ್ಯೆ ಏನೂ ಇಲ್ಲ ಮುಬೀನಮ್ಮ.
ಮಧ್ಯದ್ದೇ ನನಗೆ ಬೇಕಿರೋದು."

ಕೈಪಿಡಿ ಜಪಾನಿನದು. ಚಿತ್ರ ನೋಡಿ ನೋಡಿ ಒಳಹೊಕ್ಕೆ.
ಗಾಳಿಗೊಂದು ಅಂಕಿ, ಕಚ್ಚುವುದಕ್ಕೊಂದು,
ಸ್ವರ ಎಷ್ಟು ಬಾಗಬೇಕೆಂಬುದಕ್ಕೆ ಇನ್ನೊಂದು.
ಸದ್ದು ಶುರುವಾಗುವ ಗೆರೆಗೆ ಏನೋ ಹೆಸರಿತ್ತು,
ನಾನು ಹೊಸ್ತಿಲು ಅಂದೆ. ಅವರಿಗೆ ತಿಳಿಯಿತು.

ಮೊದಲು ತುಟಿ.
ಶಿಬಿರದಲ್ಲಿ ಕಟ್ಟಿಸಿದ ಹಲ್ಲಿಂದ ಕಚ್ಚಿದರೆ
ಸ್ವರ ಅರ್ಧ ಮನೆ ಮೇಲೆ ಹಾರಿ ಅಲ್ಲೇ ಕೂರುತ್ತಿತ್ತು.
"ಕಟ್ಟಿದ ಹಲ್ಲಿಗೆ ರುಚಿ ಗೊತ್ತಾಗಲ್ಲ" ಎಂದು
ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಜೇಬಿಗಿಟ್ಟು
ಬರೀ ವಸಡಿನಲ್ಲಿ ಹಿಡಿದರು,
ಹುಣಸೆಬೀಜ ಚೀಪುವ ಹಾಗೆ.
ಎಪ್ಪತ್ತು. ಎಂಬತ್ತು. ತೊಂಬತ್ತರಲ್ಲಿ
ರಿಷಭ ಜಾರಿತು, ಗಾಂಧಾರದ ಅಂಚು ಮುಟ್ಟಿ
ಒಳಗೆ ಹೋಗದೆ ಹಿಂದೆ ಬಂತು.
"ಮೆಟ್ಟಿಲು ಹೋಯ್ತು, ಇಳಿಜಾರು ಸಿಕ್ತು. ಈಗ ಗಾಳಿ."

ನಾನು ದಯೆ ತೋರಿಸಹೋದೆ.
ಬಲವನ್ನು ಮೂರು ಪಟ್ಟು ಮಾಡಿ
ಹೊಸ್ತಿಲನ್ನು ನೆಲಕ್ಕೆ ಸಮ ಇಳಿಸಿದೆ, ಎರಡಕ್ಕೆ.
ಅವರು ಊದಲಿಲ್ಲ. ಕೊಳವೆ ಬಾಯಲ್ಲೇ ಇತ್ತು.
ಎದುರಿನ ಗುಜರಿಯಲ್ಲಿ ತಗಡು ಇಳಿಸುವುದನ್ನು
ನೋಡುತ್ತ ಕೂತಿದ್ದರು, ಅಷ್ಟೆ.
ಸ್ಪೀಕರಿನಿಂದ ಒಂದು ಸದ್ದು,
ಮಂದ್ರದ್ದು, ತುದಿಯಲ್ಲಿ ಗೊರಗೊರ.
ನಿಂತಿತು. ಮತ್ತೆ ಬಂತು.

ಕೊಳವೆ ತೆಗೆದು "ಯಾರದದು?" ಎಂದರು.
ಸದ್ದಿಲ್ಲ.
ಬಾಯಿಗಿಟ್ಟರು. ಬಂತು.
ಪರದೆಯ ಪಟ್ಟಿ ಅವರ ಅಂಗಿಯ ಗುಂಡಿಯ ಜೊತೆಗೇ
ಏಳುತ್ತಿತ್ತು, ಇಳಿಯುತ್ತಿತ್ತು.
ತುಂಬ ಹೊತ್ತು ಕೇಳಿಸಿಕೊಂಡರು,
ಬಾಗಿಲಲ್ಲಿ ನಿಂತ ನೆಂಟನ
ಗುರುತು ಹಿಡಿಯಲು ನೋಡುವವರಂತೆ.

"ಇಷ್ಟು ಕೆಳಗೆ ಬೇಡಮ್ಮ.
ನಿಟ್ಟುಸಿರಿಗೂ ಸ್ವರ ಹಚ್ಚಿದ್ರೆ
ಮನೆಯವಳು ಒಲೆ ಬಿಟ್ಟು ಓಡಿ ಬರ್ತಾಳೆ.
ಅದರ ಮೇಲೆ ಒಂದು ಕೂದಲೆಳೆ, ಅಲ್ಲಿಡು.
ದಾಟೋಕೆ ಕಾಲೆತ್ತಬೇಕು.
ಎತ್ತಿದೆ ಅಂತ ನನಗೆ ಗೊತ್ತಾಗಬೇಕು."

ಹತ್ತು. ಹದಿನಾರು. ಇಪ್ಪತ್ತನಾಲ್ಕಕ್ಕೆ ಕೆಮ್ಮಿದರು.
ಇಪ್ಪತ್ಮೂರು.

ಆಮೇಲೆ ಊದಿದ್ದು ಹೇಳಿಕೊಳ್ಳುವಂಥದ್ದೇನಲ್ಲ,
ಕೊನೆಯ ಪಂಕ್ತಿ ಎದ್ದ ಮೇಲೆ ಬ್ಯಾಂಡಿನವರು
ತಮಗೋಸ್ಕರ ನುಡಿಸಿಕೊಳ್ಳುವ ನಾಲ್ಕು ಸಾಲು.
ಮೂರಕ್ಕೆ ಗಾಳಿ ಮುಗಿಯಿತು.
ನಾಲ್ಕನೆಯದನ್ನು ಬೆರಳುಗಳೇ ಮುಗಿಸಿದವು,
ಗುಂಡಿಗಳ ಟಿಕಟಿಕ.

ಎಷ್ಟಾಯ್ತು ಎಂದರು.
ಬಿಚ್ಚಿಲ್ಲ, ಬೆಸುಗೆಯಿಲ್ಲ, ಏನೆಂದು ಕೇಳಲಿ?
ಐವತ್ತು ಇಟ್ಟು ಹೋದರು, ಕೊಳವೆಯನ್ನು ಚಾರ್ಜಿಗೆ ಬಿಟ್ಟು.

ಏಳನೇ ಖಾನೆಯಲ್ಲಿ ಅವರ ಹೆಸರು ಕೊಟ್ಟು ಉಳಿಸಿದೆ.
ಇಂಗ್ಲಿಷಿನ ಎಂಟೇ ಅಕ್ಷರಕ್ಕೆ ಜಾಗ,
ಕೊನೆಯ ಅ ಹೊರಗೇ ಉಳಿಯಿತು.

ರಾತ್ರಿ ಶಟರು ಅರ್ಧ ಇಳಿಸಿ
ಸ್ಪಿರಿಟ್ಟಿನಲ್ಲಿ ಬಾಯಿ ಒರೆಸಿ, ನಾನೂ ಊದಿದೆ.
ಮೆಲ್ಲಗೇ ಊದಿದ್ದು.
ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಕಿರುಚಿತು.
ಇಷ್ಟೊಂದು ಇದೆ ನನ್ನಲ್ಲಿ ಎಂದು
ಯಾರೂ ಹೇಳಿರಲಿಲ್ಲ.
ಗುಜರಿಯವನು ಬಗ್ಗಿ ನೋಡಿದ:
"ಏನಕ್ಕಾ, ಶಾಕ್ ಹೊಡೀತಾ?"