ಹೆಬ್ಬೆರಳು ಮಡಚಿ

ಮಾಪ್ಸಾ ಪೇಟೆಯ ನಮ್ಮ ಹಾರ್ಡ್‌ವೇರ್ ಅಂಗಡಿಗೆ
ಎಸ್ಪೆರಾನ್ಸ ಬಾಯಿ ಬಂದದ್ದು ಶುಕ್ರವಾರ, ಸಂತೆಯ ದಿನ.
ಚೀಲದಲ್ಲಿ ಹಳೆಯ ಕೊಕ್ಕೆ, ಅದಕ್ಕಂಟಿದ ಎರಡು ಪುಕ್ಕ.
"ಮೂರು ಕೋಳಿ," ಅಂದರು. "ಬಾಗಿಲು ಮುರಿದಿಲ್ಲ, ತೆರೆದಿದೆ."

ಪುನುಗುಬೆಕ್ಕು. ಕೊಕ್ಕೆಯನ್ನು ಮೂತಿಯಿಂದ ಎತ್ತುತ್ತೆ,
ನಾವು ಲುಂಗಿ ಎತ್ತಿಕಟ್ಟುವಷ್ಟು ಸಲೀಸಾಗಿ.

ಕೌಂಟರಿನ ಮೇಲೆ ಹರವಿದೆ:
ತಿರುಗುವ ಮರದ ಬಿಲ್ಲೆ, ಗೇಟಿನ ಅಗುಳಿ, ಸ್ಪ್ರಿಂಗ್ ಚಿಲಕ,
ಮೀನುದೋಣಿಯವರು ಒಯ್ಯುವ ಸ್ಟೀಲಿನ ಕೊಂಡಿ.
ಆಮೇಲೆ ಹೆಬ್ಬೆರಳು ಮಡಚಿ, ಬೆಕ್ಕಾಗಿ,
ಒಂದೊಂದನ್ನೇ ಕೆರೆದೆ, ತಳ್ಳಿದೆ, ಮೂಗಿನಲ್ಲಿ ಎತ್ತಿದೆ.
ಶಿರೋಡಕರ್ ಸಾಹೇಬರು ಲೆಕ್ಕ ಬಿಟ್ಟು ನಕ್ಕರು.
ಅಗುಳಿ ಸೋತಿತು. ಬಿಲ್ಲೆಯೂ.
ಜಪ್ಪಯ್ಯ ಅಂದರೂ ಕೊಂಡಿ ಕದಲಲಿಲ್ಲ.
"ಇದೇ," ಅಂದೆ, ಸೋತ ಬೆಕ್ಕಿನ ಹೆಮ್ಮೆಯಲ್ಲಿ.

ಅವರು ಕೈ ಚಾಚಿದರು.
ಹಸಿಶುಂಠಿಯ ಹಾಗೆ ಗಂಟುಗಂಟಾದ ಬೆರಳು.
ಕೊಂಡಿ ಅವರಿಗೂ ಬಿಚ್ಚಲಿಲ್ಲ.
"ಬೆಳಗ್ಗೆ ಐದಕ್ಕೆ ನಾನೇ ಅಲ್ಲವಾ ತೆರೆಯೋದು?"

ಸ್ವಲ್ಪ ಹೊತ್ತು ಅಂಗಡಿಯಲ್ಲಿ ಫ್ಯಾನು ಮಾತ್ರ.

ಕೊನೆಗೆ ಸ್ಪ್ರಿಂಗ್ ಚಿಲಕಕ್ಕೆ
ನೈಲಾನ್ ಹಗ್ಗದ ಬಳೆಯೊಂದು ಕಟ್ಟಿದೆ, ಮಣಿಕಟ್ಟು ತೂರುವಷ್ಟು.
ಮೊದಲು ಎಳೆಯಬೇಕು, ಎಳೆದು ಹಿಡಿದೇ ಎತ್ತಬೇಕು.
ಬೆಕ್ಕಿಗೆ ಎರಡು ಕೆಲಸ ಒಟ್ಟಿಗೆ ಬರಲ್ಲ ಅಂತ
ನನ್ನ ನಂಬಿಕೆ; ಗ್ಯಾರಂಟಿ ಚೀಟಿ ಇಲ್ಲ.

ಭಾನುವಾರ ರಾತ್ರಿ ಫೋನು:
"ಬಂದಿತ್ತು. ಅರ್ಧ ಜಪಮಾಲೆ ಮುಗಿಯೋವರೆಗೆ ಕೆರೀತು. ಹೋಯ್ತು.
ಕಲಿಯುತ್ತಾ ಅದು?"

"ಕಲಿತರೆ ಹೇಳಿ," ಅಂದೆ,
"ಮೇಲಿನ ಕಪಾಟಿನಲ್ಲಿ ಇನ್ನೊಂದು ಡಬ್ಬಿ ಇದೆ,
ನಾನೂ ಬಿಚ್ಚಿ ನೋಡಿಲ್ಲ."